ನಾಲ್ವರಲ್ಲಿ ಇಬ್ಬರು ನಿಲ್ಲಲ್ಲ

ಬೂಕನಕೆರೆಯಲ್ಲಿ ಜವರಯ್ಯನವರ ಮಗನ ಮದುವೆಯ ಬೀಗರೂಟ. ಎರಡನೇ ಪಂಕ್ತಿ ನಡೆಯುತ್ತಿದ್ದಾಗ ಕಿರಂಗೂರಿನ ಪುಟ್ಟಗೌರಮ್ಮ ಬಾಯಿಗೆ ಬಂದ ಒಂದು ಮಾತನ್ನು ಆಡಿಬಿಟ್ಟರು. ಆಡಿದ ಮೇಲೆ ನುಂಗಿಕೊಳ್ಳೋಣವೆಂದರೆ ಬಾಯಲ್ಲಿ ಆಗಲೇ ಒಂದು ತುತ್ತು ಮುದ್ದೆ ಇತ್ತು.

ಜವರಯ್ಯ ಅವರಿಗೆ ಬೀಗರು. ಅವರ ಮಗಳು ಪವಿತ್ರಳನ್ನೇ ಪುಟ್ಟಗೌರಮ್ಮ ತಮ್ಮ ಮಗ ಅಪ್ಪುವಿಗೆ ತಂದುಕೊಂಡಿದ್ದರು. ಊರಲ್ಲಿ ಆಲೆಮನೆ ನಡೆಸುತ್ತಿದ್ದ ಜವರಯ್ಯನವರಿಗೆ ಬೆಲ್ಲಕ್ಕಿಂತ ಹೆಚ್ಚು ಹೆಸರು ತಂದುಕೊಟ್ಟದ್ದು ಅವರ ಮೀಸೆ. ಎರಡೂ ತುದಿ ಮೇಲಕ್ಕೆ ತಿರುಗಿ ಕೆನ್ನೆಯ ಮೇಲೆ ಕೂತಿರುತ್ತಿದ್ದ ಆ ಮೀಸೆಯನ್ನು ತೀಡದೆ ಅವರು ಯಾವ ಮಾತನ್ನೂ ಮುಗಿಸುತ್ತಿರಲಿಲ್ಲ. ಆವತ್ತು ಅವರು ಬಡಿಸುವವರ ಹಿಂದೆ ಹಿಂದೆ ನಡೆಯುತ್ತಾ ರಾಜಕೀಯ ಮಾತಾಡುತ್ತಿದ್ದರು. ಚುನಾವಣೆಗೆ ಮೂರು ತಿಂಗಳಿತ್ತು. ಊಟಕ್ಕೆ ಕೂತವರಲ್ಲಿ ಶ್ರೀರಂಗಪಟ್ಟಣದವರು, ಪಾಂಡವಪುರದವರು, ಕೆ.ಆರ್.ಪೇಟೆಯವರು, ನಾಗಮಂಗಲದವರು ಎಲ್ಲರೂ ಇದ್ದುದರಿಂದ ಮಾತು ನಾಲ್ಕೂ ತಾಲ್ಲೂಕನ್ನು ಸುತ್ತುತ್ತಿತ್ತು.

"ಬರ್ಕಳಿ ಬೇಕಾದ್ರೆ," ಎಂದರು ಜವರಯ್ಯ. "ನಾಕು ಎಮ್ಮೆಲ್ಲೆಗಳೂ ತಿರ್ಗಾ ನಿಂತೇ ನಿಂತ್ಕತಾರೆ. ಎಮ್ಮೆಲ್ಲೆ ಆದೋನು ತಾನಾಗೇ ಸಾಕು ಅಂದದ್ದ ನೀವ್ ಯಾರಾದ್ರೂ ಕಂಡಿದ್ದೀರಾ? ಗೆಲ್ಲೋದು ಸೋಲೋದು ಆಮ್ಯಾಲೆ. ನಿಲ್ಲದಂತೂ ಗ್ಯಾರಂಟಿ." ಮೀಸೆ ತೀಡಿದರು.

ಪಂಕ್ತಿಯಲ್ಲಿ ಎಲ್ಲರೂ ಹೌದು ಹೌದು ಎಂದರು. ಪುಟ್ಟಗೌರಮ್ಮನಿಗೆ ಯಾಕೋ ಆ ಹೌದು ಹೌದು ಸಹಿಸಲಾಗಲಿಲ್ಲ.

"ಇಬ್ರು ನಿಲ್ಲಲ್ಲ," ಎಂದುಬಿಟ್ಟರು.

ಸಾಂಬಾರಿನ ಬಕೆಟ್ಟು ನಿಂತಿತು. ಜವರಯ್ಯ ತಿರುಗಿ ನೋಡಿದರು. "ಯಾವ ಇಬ್ರು ಬೀಗಿತಮ್ಮ?"

"ಅದ್ನೆಲ್ಲ ಈಗ್ಲೇ ಯೋಳಕಾಯ್ತದಾ? ಇಬ್ರು ಅಂದ್ರೆ ಇಬ್ರು."

"ಪಂದ್ಯ?"

"ಪಂದ್ಯ."

ಜವರಯ್ಯ ಮೀಸೆಯನ್ನೇ ಪಣಕ್ಕಿಟ್ಟರು. ಇಬ್ಬರು ಶಾಸಕರು ನಿಲ್ಲದೆ ಹೋದರೆ ಮೀಸೆ ತೆಗೆಸುವುದು. ಇಬ್ಬರಿಗಿಂತ ಕಡಿಮೆಯಾದರೆ ಪುಟ್ಟಗೌರಮ್ಮ ಇದೇ ಅಂಗಳಕ್ಕೆ ಬಂದು, ಮದುಮಗನಿಗೆ ಹಾಡುವ ಹಾಗೆ, ಆ ಮೀಸೆಗೆ ಅರಿಶಿನ ಹಚ್ಚಿ ಸೋಬಾನೆ ಹಾಡುವುದು. ಪಂಕ್ತಿಯೇ ಎದ್ದು ಕುಣಿಯುವಷ್ಟು ನಗು. ತೀರ್ಪುಗಾರಳಾಗಿ ಪವಿತ್ರಳನ್ನೇ ನೇಮಿಸಿದರು. ಒಬ್ಬರಿಗೆ ಮಗಳು, ಇನ್ನೊಬ್ಬರಿಗೆ ಸೊಸೆ, ಮೇಲಾಗಿ ಶ್ರೀರಂಗಪಟ್ಟಣದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು.

ಪವಿತ್ರ ಕೂಡಲೇ ಮೇಷ್ಟ್ರಾದಳು. "ನಿಲ್ಲಲ್ಲ ಅಂದ್ರೆ ಏನು ಅಂತ ಮೊದ್ಲು ತೀರ್ಮಾನ ಆಗ್ಬೇಕು. ಪಾರ್ಟಿ ಟಿಕೆಟ್ ಕೊಡ್ಲಿಲ್ಲ ಅಂದ್ರೆ?"

"ನಿಲ್ಲದಂಗೇಯ," ಎಂದರು ಪುಟ್ಟಗೌರಮ್ಮ.

"ಬೇರೆ ಕ್ಷೇತ್ರಕ್ಕೆ ಓದ್ರೆ?"

"ಅದೂ ನಿಲ್ಲದಂಗೇಯ."

"ಸತ್ತೋದ್ರೆ?" ಎಂದು ಪಂಕ್ತಿಯ ಕೊನೆಯಿಂದ ಯಾರೋ ಕೇಳಿದರು.

"ಬುಡ್ತು ಅನ್ನಪ್ಪ!" ಎಂದು ನಾಲ್ಕೂ ತಾಲ್ಲೂಕು ಒಟ್ಟಿಗೆ ಕೂಗಿತು.

ಕೊನೆಗೆ ನಿಯಮ ಹೀಗಾಯಿತು: ನಾಮಪತ್ರ ಹಾಕುವ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ತಮ್ಮ ತಮ್ಮ ಕ್ಷೇತ್ರದಲ್ಲಿ ತಮ್ಮ ಹೆಸರಿನ ನಾಮಪತ್ರ ಹಾಕದ ಶಾಸಕರು ನಿಲ್ಲದವರು. ಅಷ್ಟೇ.

ಮನೆಗೆ ಹೊರಟ ವ್ಯಾನಿನಲ್ಲಿ ಪುಟ್ಟಗೌರಮ್ಮನ ಪಂದ್ಯದ ಅಮಲು ಇಳಿಯಿತು. ಪಾಂಡವಪುರ ಬರುವ ಹೊತ್ತಿಗೆ ಅವರು ಸೊಸೆಯ ಕೈ ಹಿಡಿದುಕೊಂಡಿದ್ದರು. "ಯಾಕವ್ವ ಅಂಗಂದೆ ನಾನು? ಇಬ್ರು ಅಂತ ನಂಗ್ಯಾರ್ ಯೋಳಿದ್ರು?"

ಗಂಡ ಚಲುವರಾಜು ಮುಂದಿನ ಸೀಟಿನಿಂದ, "ಸೋಬಾನೆ ನೆಪ್ಪೈತಾ?" ಎಂದು ಕೇಳಿ ತಾವೇ ನಕ್ಕರು.

ಅತ್ತೆ ಸೊಸೆಯರಿಬ್ಬರೂ ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ಅವರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಬೆಳಿಗ್ಗೆ ಒಬ್ಬರು ಡೈರಿಗೆ, ಇನ್ನೊಬ್ಬರು ಕಾಲೇಜಿಗೆ. ಸಾರಿಗೆ ಉಪ್ಪು ಸಾಕಾ, ಅಪ್ಪು ಬಂದನಾ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಆ ರಾತ್ರಿ ಪವಿತ್ರ ಹಳೆಯ ಚುನಾವಣೆಗಳ ವಿವರಗಳನ್ನು ಫೋನಿನಲ್ಲಿ ಹುಡುಕಿ ಲೆಕ್ಕ ಹಾಕಿದಾಗ ಪುಟ್ಟಗೌರಮ್ಮ ಮೊದಲ ಬಾರಿಗೆ ಅವಳ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಸಾಮಾನ್ಯವಾಗಿ ಎಲ್ರೂ ನಿಲ್ತಾರೆ ಅತ್ತೆ. ಎಲ್ಲೋ ಒಬ್ರು ಬುಡ್ತಾರೆ, ವಯಸ್ಸಾಗಿಯೋ ಟಿಕೆಟ್ ತಪ್ಪಿಯೋ. ನಾಕ್ರಲ್ಲಿ ಇಬ್ರು ಬುಡೋದು ಎಂಟು ಸಲಕ್ಕೆ ಒಂದು ಸಲ ಆಗ್ಬೋದು."

"ಎಂಟ್ರಲ್ಲಿ ಒಂದು ಪರವಾಗಿಲ್ಲ ಬುಡು. ನಿಮ್ಮಾವ ನನ್ ಮಾತ್ ಕೇಳದೂ ಅಷ್ಟೇಯ."

ಪವಿತ್ರ ಫೋನು ಕೆಳಗಿಟ್ಟು ನಕ್ಕಳು. ಅತ್ತೆಗೆ ತಮಾಷೆ ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. "ಆದ್ರೆ ಇದು ಎಲ್ಲಾ ಊರಿಗೂ ಸೇರಿದ ಲೆಕ್ಕ. ಈ ನಾಕ್ ಜನದ ಮನಸ್ನಾಗೆ ಏನದೆ ಅಂತ ಇದ್ರಲ್ಲಿ ಗೊತ್ತಾಗಲ್ಲ."

"ಅಂಗಾರೆ ಓಗಿ ನೋಡನ," ಎಂದರು ಪುಟ್ಟಗೌರಮ್ಮ.

ಹೀಗೆ ಅವರ ಭಾನುವಾರಗಳು ಶುರುವಾದವು. ಪವಿತ್ರಳ ಸ್ಕೂಟರು, ಹಿಂದೆ ಪುಟ್ಟಗೌರಮ್ಮ. ತುರುಬಿನ ಮಲ್ಲಿಗೆ ನಲುಗದ ಹಾಗೆ ಹೆಲ್ಮೆಟ್ಟು ಹಾಕುವುದನ್ನು ಕಲಿಯಲು ಅವರಿಗೆ ಒಂದು ಇಡೀ ಬೆಳಗು ಹಿಡಿಯಿತು. ಹೆಲ್ಮೆಟ್ಟಿನೊಳಗಿಂದ ತಮ್ಮದೇ ದನಿ ದೊಡ್ಡದಾಗಿ ಕೇಳಿದ್ದು ಅವರಿಗೆ ಎಷ್ಟು ಹಿಡಿಸಿತೆಂದರೆ ಪಾಂಡವಪುರದ ರಸ್ತೆಯುದ್ದಕ್ಕೂ ಒಳಗೊಳಗೇ ಹಾಡಿಕೊಂಡರು. ಐವತ್ತೆಂಟು ವರ್ಷದಲ್ಲಿ ಅವರು ಮದುವೆ, ಸಾವು, ಆಸ್ಪತ್ರೆ, ಡೈರಿ ಮೀಟಿಂಗು ಇವಿಲ್ಲದೆ ಊರು ಬಿಟ್ಟು ಹೊರಟದ್ದೇ ಇರಲಿಲ್ಲ. ಈಗ ಬೇಕೆಂದ ಕಡೆ ನಿಲ್ಲಿಸಿ ಎಳನೀರು ಕುಡಿಯಬಹುದಿತ್ತು. ನಿಲ್ಲಿಸಿ ಕುಡಿದರು. ಇನ್ನೊಂದು ಫರ್ಲಾಂಗಿಗೆ ಮತ್ತೆ ನಿಲ್ಲಿಸಿ ಕಬ್ಬಿನ ಹಾಲು ಕುಡಿದರು.

ಮನೆಯಲ್ಲಿ ಚಲುವರಾಜು ಹೆಂಡತಿಯಿಲ್ಲದ ಭಾನುವಾರಗಳಲ್ಲಿ ತಾವೇ ಕಾಫಿ ಮಾಡಿಕೊಳ್ಳುವುದನ್ನು ಕಲಿತರು. ಅದು ಕಾಫಿಯೆಂದು ಅವರೊಬ್ಬರೇ ಹೇಳುತ್ತಿದ್ದರು.

ಶ್ರೀರಂಗಪಟ್ಟಣದ ಶಾಸಕರ ಬಗ್ಗೆ ಹುಡುಕುವುದೇ ಬೇಕಾಗಲಿಲ್ಲ. ಅಪ್ಪುವಿನ ಟ್ರಾಕ್ಟರ್ ಬಿಡಿಭಾಗಗಳ ಅಂಗಡಿಯ ಷಟರಿನ ಮೇಲೂ ಅವರ ಮುಖ ಬಂದಾಗಿತ್ತು. ಷಟರು ಎತ್ತಿದರೆ ಮಡಚಿಕೊಂಡು, ಇಳಿಸಿದರೆ ಮತ್ತೆ ನಗುತ್ತಿತ್ತು. ಕೆ.ಆರ್.ಪೇಟೆಯ ಶಾಸಕರು ಇಲ್ಲಿಯದು ಬಿಟ್ಟು ದಿಲ್ಲಿ ರಾಜಕೀಯಕ್ಕೆ ಹೋಗುತ್ತಾರಂತೆ ಎಂಬ ಸುದ್ದಿ ನಂಬಿ ಇಬ್ಬರೂ ಅಲ್ಲಿಗೆ ಹೋದರು. ಬಸ್‌ ಸ್ಟ್ಯಾಂಡಿನ ಹತ್ತಿರ ಅವರ ಕಾರೇ ಎದುರಾಯಿತು. ಶಾಸಕರು ಕಿಟಕಿ ಇಳಿಸಿ ಇವರಿಗೆ ಕೈ ಮುಗಿದರು, ಎಳನೀರಿನವನಿಗೆ ಮುಗಿದರು, ಪಕ್ಕದಲ್ಲಿ ನಿಂತಿದ್ದ ಎತ್ತಿನ ಕಡೆಗೂ ಮುಗಿದರು.

"ಎತ್ತಿಗೂ ಮುಗಿಯೋನು ನಿಲ್ದೆ ಇರ್ತಾನಾ?" ಎಂದು ಪುಟ್ಟಗೌರಮ್ಮ ನಿಟ್ಟುಸಿರಿಟ್ಟರು.

ನಾಗಮಂಗಲದಲ್ಲಿ ಅವರಿಗೆ ಪರಿಚಯದ ಅಕ್ಕಸಾಲಿಗ ಕಾಳಪ್ಪ ಇದ್ದರು. ಪವಿತ್ರಳ ತಾಳಿ ಮಾಡಿದವರು ಅವರೇ. ಅವರ ಅಂಗಡಿಗೆ ಹೋಗಿ, ಕಾಲುಂಗುರ ನೋಡುವ ನೆಪದಲ್ಲಿ ಮಾತು ತೆಗೆದರು. ಕಾಳಪ್ಪ ಗುಟ್ಟು ಹೇಳುವವರ ಹಾಗೆ ಬಗ್ಗಿ ಒಂದು ಬಟ್ಟೆ ಸರಿಸಿದರು. ಅರ್ಧ ಮುಗಿದಿದ್ದ ಬೆಳ್ಳಿ ಗದೆ.

"ನಮ್ ಶಾಸಕರ ಹುಡುಗ್ರು ಆರ್ಡರ್ ಕೊಟ್ಟವ್ರೆ. ಗದೆ ಯಾರ್ಗೆ ಕೊಡ್ತಾರೆ? ಗೆಲ್ಲೋರ್ಗೆ. ನಿಲ್ದೆ ಗೆಲ್ಲಕಾಯ್ತದಾ? ನನ್ ಮಾತು ಸುಳ್ಳಾದ್ರೆ ಕೇಳಿ."

ಉಳಿದದ್ದು ಪಾಂಡವಪುರದ ಮುದ್ದಯ್ಯನವರು. ಎಪ್ಪತ್ತು ದಾಟಿದ ಹಳೆಯ ಶಾಸಕರು. ವಯಸ್ಸು ನೋಡಿ ಪವಿತ್ರ ಅವರ ಮೇಲೆ ಆಸೆಯಿಟ್ಟಿದ್ದಳು. ಆದರೆ ಪುಟ್ಟಗೌರಮ್ಮನದು ಬೇರೆ ಸಿದ್ಧಾಂತ: ನಿಲ್ಲುವವನು ಯಾರ ಮದುವೆಗೂ ತಪ್ಪಿಸಿಕೊಳ್ಳುವುದಿಲ್ಲ. ಅದನ್ನು ಪರೀಕ್ಷೆ ಮಾಡಲು ಇಬ್ಬರೂ ರೇಷ್ಮೆ ಸೀರೆಯುಟ್ಟು ಪಾಂಡವಪುರದ ಒಂದು ಕಲ್ಯಾಣ ಮಂಟಪಕ್ಕೆ, ಯಾರ ಮದುವೆಯೆಂದು ತಿಳಿಯದೆ, ನುಗ್ಗಿದರು. ಬಾಗಿಲಲ್ಲಿ ಪನ್ನೀರು ಎರಚುತ್ತಿದ್ದ ಹುಡುಗಿ, "ಗಂಡಿನ ಕಡೆಯವ್ರಾ, ಹೆಣ್ಣಿನ ಕಡೆಯವ್ರಾ?" ಎಂದು ಕೇಳಿದಳು.

"ಮತದಾರರ ಕಡೆಯವ್ರು," ಎಂದು ಪುಟ್ಟಗೌರಮ್ಮ ಗಂಭೀರವಾಗಿ ಹೇಳಿ ಒಳಗೆ ನಡೆದರು. ಪವಿತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಓಡಿದಳು.

ಮುದ್ದಯ್ಯ ಅಲ್ಲಿದ್ದರು. ಮುಂದಿನ ವಾರ ಇನ್ನೊಂದು ಮದುವೆಗೆ ಹೋದರು, ಅಲ್ಲೂ ಇದ್ದರು. ಅದರ ಮುಂದಿನ ವಾರವೂ ಇದ್ದರು. ಮೊದಲಿನ ಹಾಗೆ ಬಂದು ಅಕ್ಷತೆ ಹಾಕಿ ಓಡುವವರಲ್ಲ, ಕೂತು ಉಣ್ಣುತ್ತಿದ್ದರು.

"ಮುಗೀತು ಕಥೆ," ಎಂದರು ಪುಟ್ಟಗೌರಮ್ಮ. "ಇವ್ನು ಇನ್ನೂ ಮೂರು ಸಲ ನಿಲ್ತಾನೆ."

ಪವಿತ್ರ ಹೊಸ ಲೆಕ್ಕ ಹೇಳಿದಳು. ಎಂಟರಲ್ಲಿ ಒಂದು ಈಗ ಇಪ್ಪತ್ತೈದರಲ್ಲಿ ಒಂದಾಗಿತ್ತು. ಹೇಳುವಾಗ ಅವಳಿಗೆ ನಗು ಬಂತು. ಸೋಲು ಇಷ್ಟು ಹತ್ತಿರ ಬಂದಿದ್ದರೂ ಇಬ್ಬರಲ್ಲಿ ಯಾರಿಗೂ ಬೇಜಾರಾಗಿರಲಿಲ್ಲ. ಮುಂದಿನ ಭಾನುವಾರ ಎಲ್ಲಿಗೆ ಹೋಗುವುದೆಂಬುದೇ ಅವರ ಚಿಂತೆ.

ಆ ಮಧ್ಯೆ ಕಿರಂಗೂರಿನ ಹೆಂಗಸರ ಡೈರಿಯಲ್ಲಿ ಅಧ್ಯಕ್ಷರ ಚುನಾವಣೆಯ ಹೊತ್ತು ಬಂತು. ಮೂರು ಅವಧಿಯಿಂದ ಪುಟ್ಟಗೌರಮ್ಮನೇ ಅಧ್ಯಕ್ಷರು. ಡೈರಿಯ ಸೆಕ್ರೆಟರಿ ರಂಜಿತ ಮನೆಗೆ ಬಂದು, "ಈ ಸಲಾನೂ ನೀವೇ ತಾನೆ ದೊಡ್ಡಮ್ಮ?" ಎಂದಳು. "ಇನ್ಯಾರು?" ಎಂದರು ಪುಟ್ಟಗೌರಮ್ಮ, ಹಸುವಿನ ಮೈ ತಿಕ್ಕುತ್ತಾ. ಆ ಪ್ರಶ್ನೆಯೂ ಆ ಉತ್ತರವೂ ಪ್ರತಿ ಸಲ ಹಾಗೇ ನಡೆದಿದ್ದವು.

ಅದಾದ ಭಾನುವಾರ ಪಾಂಡವಪುರದಲ್ಲಿ ಮತ್ತೊಂದು ಮದುವೆ. ಊಟದ ಹಾಲಿಗೆ ಬಂದಾಗ ಮುದ್ದಯ್ಯನವರ ಪಕ್ಕದ ಎಲೆ ಖಾಲಿ ಇರುವುದನ್ನು ಪುಟ್ಟಗೌರಮ್ಮ ಕಂಡರು. ಅವರಿಗೆ ಊಹೆ ಮಾಡಿ ಮಾಡಿ ಸಾಕಾಗಿತ್ತು. ಪವಿತ್ರ ಸೆರಗು ಹಿಡಿದೆಳೆಯುವಷ್ಟರಲ್ಲಿ ಹೋಗಿ ಕೂತೇಬಿಟ್ಟರು. ಅವಳೂ ಪಕ್ಕದಲ್ಲಿ ಕೂತಳು.

"ಅಣ್ಣ, ಒಂದು ಮಾತು ಕೇಳ್ತೀನಿ. ಬೇಜಾರ್ ಮಾಡ್ಕಬೇಡಿ. ನಿಮ್ಗೆ ಈ ಸಲ ನಿಲ್ಲಕೆ ಆಸೆ ಅದಾ?"

ಮುದ್ದಯ್ಯ ಪಾಯಸದ ಎಲೆಯಿಂದ ತಲೆಯೆತ್ತಿದರು.

"ಏನಂದೆ ತಾಯಿ? ಇನ್ನೊಂದ್ ಸಲ ಯೋಳು."

"ಆಸೆ ಅದಾ ಅಂದೆ."

"ಮೂವತ್ತು ವರ್ಷದಿಂದ 'ನಿಲ್ತೀರಾ' ಅಂತ ಕೇಳವ್ರೆ. 'ಯಾವಾಗ ನಾಮಿನೇಷನ್ನು' ಅಂತ ಕೇಳವ್ರೆ. ಆಸೆ ಅದಾ ಅಂತ ಒಬ್ರೂ ಕೇಳಿರ್ಲಿಲ್ಲ ಕಣವ್ವ." ಮುದುಕರು ಆಚೆ ಈಚೆ ನೋಡಿ ದನಿ ತಗ್ಗಿಸಿದರು. ಕಣ್ಣಲ್ಲಿ ಪರೀಕ್ಷೆ ಮುಗಿಸಿ ಬಂದ ಹುಡುಗನ ತುಂಟತನವಿತ್ತು. "ಇಲ್ಲ. ಸುತರಾಂ ಇಲ್ಲ. ನನ್ ಎಂಡ್ರಿಗೆ ಬುಟ್ರೆ ಇನ್ಯಾರ್ಗೂ ಗೊತ್ತಿಲ್ಲ. ಇಷ್ಟು ವರ್ಷ ಒಂದು ಮುಹೂರ್ತಕ್ಕೆ ಆರು ಛತ್ರ ಸುತ್ತಿ ಒಂದೊಂದ್ ಕಡೆ ಒಂದೊಂದ್ ಚಮಚ ಪಾಯ್ಸ ತಿಂದೋನು ನಾನು. ಒಟ್ಟೆ ತುಂಬ ಉಂಡಿದ್ದೇ ಇಲ್ಲ. ಈಗ ನೋಡು, ಒಂದೇ ಮದ್ವೆ. ಪೂರ್ತಿ ಊಟ. ನಾನಾಗಿ ಯೋಳೋಗಂಟ ಯಾರ್ಗೂ ಬಾಯ್ ಬುಡಬೇಡಿ." ಬಡಿಸುವವನನ್ನು ಕರೆದರು. "ಲೇ, ಬಾರ್ಲಾ ಇಲ್ಲಿ. ಇವ್ರಿಬ್ಬರ್ಗೂ ಹಾಕು. ನಂಗೂ ಹಾಕು."

ಛತ್ರದಿಂದ ಹೊರಗೆ ಬಂದು ವಿಶ್ವೇಶ್ವರಯ್ಯ ನಾಲೆಯ ಏರಿ ಮುಟ್ಟುವವರೆಗೂ ಇಬ್ಬರೂ ತಡೆದುಕೊಂಡರು. ಅಲ್ಲಿ ಪವಿತ್ರ ಸ್ಕೂಟರು ನಿಲ್ಲಿಸಿದಳು. ನಗು ಬಂತು, ನಿಲ್ಲಲಿಲ್ಲ. ಪುಟ್ಟಗೌರಮ್ಮ ಹೆಲ್ಮೆಟ್ಟಿನೊಳಗೇ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳಲು ಹೋಗಿ ಗಾಜಿಗೆ ಬೆರಳು ಬಡಿಸಿಕೊಂಡರು.

"ನಿಮ್ ಸಿದ್ಧಾಂತ ಉಲ್ಟಾ ಒಡೀತು ಅತ್ತೆ! ನಿಲ್ಲೋರು ಮದ್ವೆ ಬುಡಲ್ಲ ಅಂದ್ರಿ. ಇವ್ರು ನಿಲ್ಲಲ್ಲ ಅಂತ ಮದ್ವೆಗೆ ಬತ್ತಾವ್ರೆ!"

"ಉಲ್ಟಾ ಆದ್ರೇನು, ಒಂದು ಸಿಕ್ತಲ್ಲ!"

ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಯಾರೋ ಟ್ರಾಕ್ಟರು ತೊಳೆಯುತ್ತಿದ್ದರು. ಪುಟ್ಟಗೌರಮ್ಮ ಹೆಲ್ಮೆಟ್ಟು ತೆಗೆದು ಕಲ್ಲಿನ ಮೇಲೆ ಕೂತರು. ನಗು ಇಳಿದ ಮೇಲೆ ಅವರ ಮುಖ ಒಂದು ಬಗೆಯಾಯಿತು.

"ಪವಿತ್ರ, ಡೈರಿ ಎಲೆಕ್ಷನ್ ಅದಲ್ಲ. ನಾನು ನಿಲ್ತೀನಾ ಇಲ್ವಾ, ನಿನ್ ಲೆಕ್ಕ ಏನು?"

"ನಿಲ್ತೀರಿ. ನೂರಕ್ಕೆ ತೊಂಬತ್ತೊಂಬತ್ತು."

"ಆಸೆ ಅದಾ ಅಂತ ಕೇಳು."

ಪವಿತ್ರ ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತಳು. "ಆಸೆ ಅದಾ ಅತ್ತೆ?"

"ಇಲ್ಲ ಕಣವ್ವ!" ಎಂದರು ಪುಟ್ಟಗೌರಮ್ಮ. ಹೇಳಿದ ಮೇಲೆ ತಾವೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ಕೈ ತೆಗೆದು ಇನ್ನೊಮ್ಮೆ, ರುಚಿ ನೋಡುವವರ ಹಾಗೆ, "ಇಲ್ಲ," ಎಂದರು. "ಡೈರಿ ಕಂಡ್ರೆ ಬ್ಯಾಸರ ಅಂತ ಅಲ್ಲ. ಕಟ್ಟಿದ್ದು ನಾವೇಯ. ಆದ್ರೆ ಹನ್ನೆಲ್ಡು ತಿಂಗಳೂ ಬೆಳಗಾನೆದ್ದು ಅದೇ ಕ್ಯಾನು, ಅದೇ ಪಂಚಾಯ್ತಿ. ರಂಜಿತ ನಂಗಿಂತ ಚೂಟಿ ಅವ್ಳೆ. ನಾನು ಬುಡಲ್ಲ ಅಂತ ಅವ್ಳೂ ಕೇಳಲ್ಲ, ಅವ್ಳು ಕೇಳಲ್ಲ ಅಂತ ನಾನೂ ಬುಡ್ಲಿಲ್ಲ."

ಮರುದಿನ ಡೈರಿಯಲ್ಲಿ ಅವರು ಅದನ್ನು ಹೇಳಿದಾಗ ಹೆಂಗಸರೆಲ್ಲ ಬೈದರು, ಇಬ್ಬರು ಅತ್ತರು, ರಂಜಿತ ಮಾತ್ರ ಕೆಂಪಗಾಗಿ ಕ್ಯಾನಿನ ಮುಚ್ಚಳ ಹುಡುಕತೊಡಗಿದಳು. ಮುಚ್ಚಳ ಅವಳ ಕೈಯಲ್ಲೇ ಇತ್ತು. ಹದಿನೈದು ದಿನದಲ್ಲಿ ಅವಳು ಅವಿರೋಧವಾಗಿ ಅಧ್ಯಕ್ಷೆಯಾದಳು. ಚಲುವರಾಜು ಎರಡು ದಿನ ಹೆಂಡತಿಯನ್ನು ಗುಮಾನಿಯಿಂದ ನೋಡಿ, ಮೂರನೇ ದಿನ, "ಅಂಗಾರೆ ಇನ್ಮೇಲೆ ಕಾಫಿ ನೀನೇ ಮಾಡ್ತೀಯಾ?" ಎಂದು ಆಸೆಯಿಂದ ಕೇಳಿದರು.

"ಇಲ್ಲ. ನಿಮ್ಗೆ ಈಗ ಕೈ ಕೂಡ್ತಾ ಅದೆ," ಎಂದರು ಪುಟ್ಟಗೌರಮ್ಮ.

ಏಪ್ರಿಲ್ಲಿನಲ್ಲಿ ಮುದ್ದಯ್ಯ ತಾವು ನಿಲ್ಲುವುದಿಲ್ಲವೆಂದು ಬಹಿರಂಗವಾಗಿ ಹೇಳಿದರು. ಪಾಂಡವಪುರ ತಬ್ಬಿಬ್ಬಾಯಿತು. ಜವರಯ್ಯ ಫೋನು ಮಾಡಿ, "ಒಂದಾಯ್ತು ಅಂತ ಇಗ್ಗಬೇಡಿ ಬೀಗಿತಮ್ಮ. ಇನ್ನೊಂದು ಎಲ್ಲಿಂದ ತತ್ತೀರಾ?" ಎಂದರು. ಶ್ರೀರಂಗಪಟ್ಟಣದವರು ಮೆರವಣಿಗೆಯಲ್ಲಿ ಹೋಗಿ ನಾಮಪತ್ರ ಹಾಕಿದರು. ಕೆ.ಆರ್.ಪೇಟೆಯವರು ದಾರಿಯುದ್ದಕ್ಕೂ ಕೈ ಮುಗಿಯುತ್ತಾ ಹೋಗಿ ಹಾಕಿದರು. ಉಳಿದದ್ದು ನಾಗಮಂಗಲ. ಅಲ್ಲಿಯ ಶಾಸಕರು ಕೊನೆಯ ದಿನಕ್ಕೆ ಮುಹೂರ್ತ ಇಟ್ಟುಕೊಂಡಿದ್ದರು. ಪಕ್ಷದ ಬಿ-ಫಾರಂ ಅವರ ಜೇಬಿನಲ್ಲೇ ಇದೆ ಎಂದು ಸುದ್ದಿ.

ಕೊನೆಯ ದಿನ ಎರಡೂ ಕಡೆಯವರು ನಾಗಮಂಗಲದ ತಾಲ್ಲೂಕು ಕಚೇರಿ ಎದುರು ಸೇರಿದರು. ಅಪ್ಪು ಅಂಗಡಿ ಮುಚ್ಚಿ ವ್ಯಾನಿನಲ್ಲಿ ಅಪ್ಪನನ್ನು ಕರೆತಂದಿದ್ದ. ಜವರಯ್ಯ ಇಸ್ತ್ರಿ ಪಂಚೆ ಉಟ್ಟು, ಮೀಸೆಗೆ ಎಣ್ಣೆ ತೀಡಿ, ಒಂದು ಪೊಟ್ಟಣ ಅರಿಶಿನವನ್ನೂ ತಂದಿದ್ದರು. ಅದನ್ನು ಪುಟ್ಟಗೌರಮ್ಮನ ಕೈಗೆ ಕೊಟ್ಟು, "ಇಟ್ಕಳಿ, ಬೇಕಾಯ್ತದೆ," ಎಂದರು.

ಬಿಸಿಲು ಕಾಯಿಸುತ್ತಿತ್ತು. ಎರಡೂವರೆ ಕಳೆದ ಮೇಲೆ ತಮಟೆ ಕೇಳಿಸಿತು. ಮೆರವಣಿಗೆಯ ಮುಂದೆ ಕಾಳಪ್ಪ ಮಾಡಿದ ಬೆಳ್ಳಿ ಗದೆಯನ್ನು ಒಬ್ಬ ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದ. ತೆರೆದ ಜೀಪಿನಲ್ಲಿ ಶಾಸಕರು, ಅವರ ಹೆಂಡತಿ, ಮಗ, ಸೊಸೆ. ಎಲ್ಲರ ಕೊರಳಲ್ಲೂ ಹಾರ. ಕಚೇರಿಯ ಗೇಟಿನಲ್ಲಿ ಪೊಲೀಸರು ಜನರನ್ನು ತಡೆದರು. ಶಾಸಕರು ಹಾರ ತೆಗೆದು, ಜೇಬು ಮುಟ್ಟಿ ನೋಡಿಕೊಂಡು, ಮನೆಯವರೊಂದಿಗೆ ಒಳಗೆ ಹೋದರು.

"ಓದ್ರು," ಎಂದರು ಜವರಯ್ಯ. ಎರಡೂ ಕೈಯಲ್ಲಿ ಮೀಸೆಯ ಎರಡೂ ತುದಿ ತೀಡಿದರು. "ಶುರು ಮಾಡ್ಕಳಿ ಬೀಗಿತಮ್ಮ, ಗಂಟಲು ಸರಿ ಮಾಡ್ಕಳಿ."

ಪುಟ್ಟಗೌರಮ್ಮ ನಿಜವಾಗಿಯೂ ಗಂಟಲು ಸರಿಮಾಡಿಕೊಂಡರು. ಸೋತರೆ ಜೋರಾಗೇ ಹಾಡಬೇಕೆಂದು ಅವರು ಆಗಲೇ ನಿಶ್ಚಯಿಸಿದ್ದರು. ಪವಿತ್ರ ಅವರ ಕಿವಿಯಲ್ಲಿ, "ನಾನೂ ದನಿ ಕೊಡ್ತೀನಿ ಅತ್ತೆ," ಎಂದಳು.

ಮೂರು ಹೊಡೆಯಿತು. ಕಚೇರಿಯ ಗೇಟು ಮುಚ್ಚಿದರು. ಇನ್ನು ಹೊಸಬರು ಒಳಗೆ ಹೋಗುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಶಾಸಕರು ಹೊರಗೆ ಬಂದು ಜೀಪಿನ ಬಾನೆಟ್ಟಿನ ಮೇಲೆ ಹತ್ತಿ ನಿಂತು ಮೈಕು ಹಿಡಿದರು. ಅವರ ಮುಖದಲ್ಲಿ ಸಂತೋಷವೂ ಹೆದರಿಕೆಯೂ ಸಮನಾಗಿ ಕಾಣುತ್ತಿದ್ದವು.

"ಬಂಧುಗಳೇ, ಕೋಪ ಮಾಡ್ಕಬೇಡಿ. ನಾಮಪತ್ರ ಹಾಕಿದ್ದು ನಾನಲ್ಲ. ನಮ್ ಸೊಸೆ ಮೇಘನ. ನಾನು ಅವ್ಳಿಗೆ ಸೂಚಕ ಆಗಿ ಸೈನ್ ಆಕಿ ಬಂದೆ. ಮೊದ್ಲೇ ಯೋಳಿದ್ರೆ ನೀವು ಬುಡ್ತಿರ್ಲಿಲ್ಲ."

ಗದೆ ಹೊತ್ತವನು ಅದನ್ನು ಒಮ್ಮೆ ಶಾಸಕರ ಕಡೆಗೆ, ಒಮ್ಮೆ ಸೊಸೆಯ ಕಡೆಗೆ ಚಾಚಿ ಕಂಗಾಲಾಗಿದ್ದ. ಮೇಘನ ಮುಂದೆ ಬಂದು ಎರಡೂ ಕೈಯಲ್ಲಿ ಗದೆ ಇಸಿದುಕೊಂಡಳು. ಅದರ ಭಾರಕ್ಕೆ ಒಂದು ಹೆಜ್ಜೆ ಹಿಂದಕ್ಕೆ ಜೋಲಿ ಹೊಡೆದು, ಸಾವರಿಸಿಕೊಂಡು, ತಲೆಯ ಮೇಲೆ ಎತ್ತಿದಳು. ತಮಟೆ ಸಿಡಿಯಿತು.

ಪುಟ್ಟಗೌರಮ್ಮನಿಗೆ ಆಗ ಅರ್ಥವಾಯಿತು. "ಎಲ್ಡು!" ಎಂದು ಕಿರುಚಿದರು. "ಪವಿತ್ರ, ಎಲ್ಡು ಕಣೇ!" ಕೈಯಲ್ಲಿದ್ದ ಅರಿಶಿನದ ಪೊಟ್ಟಣ ಒಡೆದು ಇಬ್ಬರ ಮೈಮೇಲೂ ಸುರಿಯಿತು. ತಮ್ಮದಲ್ಲದ ತಾಲ್ಲೂಕಿನಲ್ಲಿ, ತಮಗೆ ಓಟಿಲ್ಲದ ಅಭ್ಯರ್ಥಿಯ ಮೆರವಣಿಗೆಯಲ್ಲಿ, ಅತ್ತೆ ಸೊಸೆ ಕೈ ಕೈ ಹಿಡಿದು ತಮಟೆಗೆ ಹೆಜ್ಜೆ ಹಾಕಿದರು. ಟಿವಿಯವರು ಅವರನ್ನೇ ಕಟ್ಟಾ ಕಾರ್ಯಕರ್ತೆಯರೆಂದು ತೋರಿಸಿದರು. ಗುಂಪಿನ ಅಂಚಿನಲ್ಲಿದ್ದ ಕಾಳಪ್ಪ ಇವರನ್ನು ಕಂಡು, "ಗದೆ ಆ ಮನೆಗೇ ಓಯ್ತಲ್ಲ, ನಾನ್ ಯೋಳಿದ್ದು ಅರ್ಧ ಸರಿ!" ಎಂದು ಕೂಗಿದರು.

ತಮಟೆ ಮುಂದೆ ಹೋದ ಮೇಲೆ ಪುಟ್ಟಗೌರಮ್ಮ ಏದುಸಿರು ಬಿಡುತ್ತಾ ಬೀಗರ ಹತ್ತಿರ ಬಂದರು. ಜವರಯ್ಯ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ನೋಡಿ ಇವರಿಗೆ ಕರುಳು ಚುರುಕ್ಕೆಂದಿತು. "ಬುಡಿ ಬೀಗ್ರೆ. ಆಟಕ್ಕೆ ಆಡಿದ್ದು."

"ಬುಡೋ ಮಾತೇ ಇಲ್ಲ," ಎಂದರು ಜವರಯ್ಯ. "ನಾಕು ತಾಲ್ಲೂಕಿನ ಎದ್ರುಗೆ ಆಡಿದ ಮಾತು." ಅಲ್ಲೇ ಬಸ್‌ ಸ್ಟ್ಯಾಂಡಿನ ಪಕ್ಕದ ಸೆಲೂನಿಗೆ ನೇರ ನಡೆದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಕತ್ತರಿ ಹಿಡಿದವನು ಮೂರು ಸಲ ಕೇಳಿ, ಮೂರು ಸಲವೂ ಹೂಂ ಅನ್ನಿಸಿಕೊಂಡು, ಕೈ ಹಾಕಿದ. ಮುಗಿದ ಮೇಲೆ ಜವರಯ್ಯ ಕನ್ನಡಿಯಲ್ಲಿ ಯಾರನ್ನೋ ಹುಡುಕುವವರ ಹಾಗೆ ನೋಡಿದರು. ಚಲುವರಾಜು ಗೋಡೆಯ ಕಡೆ ತಿರುಗಿಕೊಂಡಿದ್ದರು. ಅವರ ಭುಜ ಅಲುಗುತ್ತಿತ್ತು.

"ಈ ಮುಖ ಒತ್ಕೊಂಡು ನಾನು ಬೂಕನಕೆರೆಗೆ ಓಗಲ್ಲ," ಎಂದರು ಜವರಯ್ಯ. "ಬಿಂಡಿಗನವಿಲೆಗೆ ಬುಡಿ. ನನ್ ತಂಗಿ ಮನೇಲಿ ನಾಕು ದಿನ ಇದ್ಬುಟ್ಟು ಬತ್ತೀನಿ."

ಎಲ್ಲರೂ ಹೊರಟರು. ವ್ಯಾನು ಮುಂದೆ, ಸ್ಕೂಟರು ಹಿಂದೆ. ಬಿಂಡಿಗನವಿಲೆ ಹತ್ತಿರ ಬಂದಾಗ ಮೇವು ಮುಗಿಸಿ ಮನೆಗೆ ತಿರುಗಿದ್ದ ಕುರಿಮಂದೆ ರಸ್ತೆ ತುಂಬಿಕೊಂಡಿತು. ಸ್ಕೂಟರಿನ ಎರಡೂ ಬದಿಗೆ ಬೆಚ್ಚಗೆ ಉಣ್ಣೆ ಉಜ್ಜುತ್ತಾ ಕುರಿಗಳು ಹಾದುಹೋದವು. ಪುಟ್ಟಗೌರಮ್ಮ ಕಾಲೆತ್ತಿಕೊಂಡು ಕಿಲಕಿಲ ನಕ್ಕರು.

ಜವರಯ್ಯನವರ ತಂಗಿ ಚಿಕ್ಕಬೋರಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು. ಮೊದಲು ಇಳಿದ ಗಂಡಸನ್ನು ಕಂಡು ಸೆರಗು ಸರಿಮಾಡಿಕೊಂಡು, "ಯಾರಪ್ಪ, ಯಾರ್ ಬೇಕಾಗಿತ್ತು?" ಎಂದರು.

"ನಾನು ಕಣಮ್ಮಿ, ಜವರ."

ಚಿಕ್ಕಬೋರಮ್ಮ ಮೊರ ಹಿಡಿದುಕೊಂಡೇ ಎದ್ದು ಹತ್ತಿರ ಬಂದರು. ಅಣ್ಣನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಮೊರದಿಂದ ಹುರುಳಿ ಸುರಿಯುತ್ತಿತ್ತು.

"ಅಯ್ಯೋ ನಮ್ಮಪ್ಪ," ಎಂದರು ಮೆಲ್ಲಗೆ. "ಇದು ಅವ್ವನ ಮೂತಿ ಕಣಣ್ಣ! ಅವ್ವ ನಗೋವಾಗ ಇಂಗೇ ಇತ್ತು ಈ ತುಟಿ. ನಲವತ್ತು ವರ್ಷ ಆಯ್ತು ನಾನು ನೋಡಿ. ಅದ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಕಂಡಿದ್ಯೋ?"

ಜವರಯ್ಯ ತುಟಿ ಮುಟ್ಟಿ ನೋಡಿಕೊಂಡರು. ಏನೋ ಹೇಳಲು ಹೋದರು. ತೀಡಲು ಏನೂ ಇರಲಿಲ್ಲವಾಗಿ ಮಾತು ಮುಗಿಸುವುದು ಗೊತ್ತಾಗದೆ ನಕ್ಕುಬಿಟ್ಟರು. ನಕ್ಕದ್ದೇ ತಡ, ಚಿಕ್ಕಬೋರಮ್ಮ ಬೀದಿಗೆ ಓಡಿ, "ಬನ್ರೇ, ಎಲ್ರೂ ಬನ್ರೇ, ನಮ್ಮವ್ವ ಬಂದವ್ಳೆ!" ಎಂದು ಕೂಗಿದರು. ಅವ್ವನ ತವರೂ ಅದೇ ಊರಾದ್ದರಿಂದ ಪಕ್ಕದ ಮನೆಯಿಂದ, ಎದುರು ಮನೆಯಿಂದ ಹಳಬರು ಒಬ್ಬೊಬ್ಬರೇ ಬಂದು ಜವರಯ್ಯನವರ ಮುಖ ನೋಡಿ, ಹೌದಲ್ಲಾ, ಹೌದಲ್ಲಾ ಎಂದು ಗಲ್ಲ ಸವರಿ ಹೋಗತೊಡಗಿದರು. ಪವಿತ್ರ ಅಜ್ಜಿಯನ್ನು ಕಂಡವಳಲ್ಲ. ಅವಳು ಅಪ್ಪನ ಎದುರು ಕೂತು ನೋಡಿಯೇ ನೋಡಿದಳು.

ಪುಟ್ಟಗೌರಮ್ಮ ಜಗಲಿಯ ಮೇಲೆ ಚೆಲ್ಲಿದ್ದ ಹುರುಳಿ ಬಳಿಯುತ್ತಾ, ಅರಿಶಿನ ಮೆತ್ತಿದ ಮುಖವೆತ್ತಿ, "ಬೋರಮ್ಮ, ಮುದ್ದೆಗೆ ಎಸರಿಡು ತಾಯಿ," ಎಂದರು. "ಈವತ್ತು ನಾವ್ಯಾರೂ ಊರಿಗೆ ಓಗಲ್ಲ."

ಒಳಗೆ ಚಲುವರಾಜು ಆಗಲೇ ಒಲೆ ಹುಡುಕುತ್ತಿದ್ದರು, ಎಲ್ಲರಿಗೂ ಕಾಫಿ ಮಾಡುತ್ತೇನೆಂದು.